ದಿನಸಿ ಬೆಲೆಗಳ ಹೋಲಿಕೆ: ಗ್ರಾಹಕನ ಲೆಕ್ಕ, ವರ್ತಕನ ಪಾಠ

ಒಂದು ಮಳಿಗೆಯಲ್ಲಿ ಸಕ್ಕರೆ ಕಿಲೋಗೆ ಆರು ರೂಪಾಯಿ ಅಗ್ಗವೆಂದು ತಿಳಿದೊಡನೆ ಇಡೀ ತಿಂಗಳ ದಿನಸಿಯನ್ನು ಅಲ್ಲಿಯೇ ಕೊಳ್ಳುವ ಗ್ರಾಹಕರು ಅನೇಕ. ಇದರಿಂದ ಬಡಾವಣೆಯ ಅಂಗಡಿಯು ಹಳೆಯ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಗ್ರಾಹಕನಿಗಾದರೂ ಉಳಿತಾಯವಾಯಿತೇ ಎಂಬುದು ಲೆಕ್ಕ ಹಾಕದ ಹೊರತು ತಿಳಿಯದು. ಆದ್ದರಿಂದ ಬೆಲೆ ಹೋಲಿಕೆಯ ಸರಿಯಾದ ಕ್ರಮವನ್ನು ಇಬ್ಬರೂ ಅರಿತಿರುವುದು ಅವಶ್ಯಕ.

1. ಅಳತೆ ಒಂದೇ ಇರಬೇಕು

ಗರಿಷ್ಠ ಮಾರಾಟ ಬೆಲೆಯು ಎಲ್ಲ ತೆರಿಗೆಗಳನ್ನೊಳಗೊಂಡ ಮೇಲ್ಮಿತಿಯೇ ಹೊರತು ಮಾರಲೇಬೇಕಾದ ಬೆಲೆಯಲ್ಲ. ಅದರ ಮೇಲಿನ ರಿಯಾಯಿತಿಯು ಹೋಲಿಕೆಗೆ ಆಧಾರವಾಗದು. ಉದಾಹರಣೆಗೆ, ರೂ. 165 ಮುದ್ರಿತ ಬೆಲೆಯ 900 ಗ್ರಾಂ ತೊಗರಿಬೇಳೆ ಪೊಟ್ಟಣವು ರೂ. 144ಕ್ಕೆ ದೊರೆತರೆ, ಕಿಲೋಗೆ ರೂ. 150ರ ಬಿಡಿ ಬೇಳೆಗಿಂತ ಅಗ್ಗವೆಂದು ತೋರುತ್ತದೆ. ವಾಸ್ತವವಾಗಿ ಅದರ ಬೆಲೆ ಕಿಲೋಗೆ ರೂ. 160.

2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿ) ನಿಯಮಗಳಿಗೆ 2021ರಲ್ಲಿ ಮಾಡಲಾದ ತಿದ್ದುಪಡಿಯು ಪೊಟ್ಟಣದ ಮೇಲೆ ಏಕಮಾನ ಬೆಲೆಯನ್ನೂ ನಮೂದಿಸಬೇಕೆಂದು ವಿಧಿಸಿತು. ಒಂದು ಕಿಲೋಗಿಂತ ಕಡಿಮೆ ತೂಕಕ್ಕೆ ಗ್ರಾಂ ಲೆಕ್ಕ, ಹೆಚ್ಚಿನ ತೂಕಕ್ಕೆ ಕಿಲೋ ಲೆಕ್ಕ. ಆದರೆ ಇದು ಗರಿಷ್ಠ ಬೆಲೆಯನ್ನು ಆಧರಿಸಿದ್ದು. ಅಂಗಡಿಯ ರಿಯಾಯಿತಿ ಇದರಲ್ಲಿ ಸೇರಿರುವುದಿಲ್ಲ. ಆದುದರಿಂದ ನಿಜವಾಗಿ ತೆರುವ ಹಣವನ್ನು ತೂಕದಿಂದ ಭಾಗಿಸುವುದೇ ಸರಿಯಾದ ಮಾರ್ಗ.

ಅಕ್ಕಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಹೆಸರುಪಟ್ಟಿಯುಳ್ಳ ಅಕ್ಕಿ ಚೀಲಗಳಿಗೆ ಶೇ. 5ರ ಜಿ.ಎಸ್.ಟಿ. ಜಾರಿಗೆ ಬಂದ ಬಳಿಕ 26 ಕಿಲೋ ಚೀಲಗಳು ಮಾರುಕಟ್ಟೆಗೆ ಬಂದವು. ಚೀಲಕ್ಕೆ ಚೀಲ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

2. ಇಡೀ ಪಟ್ಟಿಯ ಮೊತ್ತ

ಒಂದು ಕುಟುಂಬದ ತಿಂಗಳ ಪಟ್ಟಿಯನ್ನು ಕಾಲ್ಪನಿಕ ದರಗಳಲ್ಲಿ ಪರಿಶೀಲಿಸಬಹುದು. ಮೊದಲ ಮೊತ್ತ ಬಡಾವಣೆಯ ಅಂಗಡಿಯದು, ಎರಡನೆಯದು ದೊಡ್ಡ ಮಳಿಗೆಯದು.

ಅಕ್ಕಿ 26 ಕಿಲೋ: ರೂ. 1,456, ರೂ. 1,508
ತೊಗರಿಬೇಳೆ 3 ಕಿಲೋ: ರೂ. 450, ರೂ. 480
ಅಡುಗೆ ಎಣ್ಣೆ 4 ಲೀಟರ್: ರೂ. 592, ರೂ. 560
ಸಕ್ಕರೆ 4 ಕಿಲೋ: ರೂ. 184, ರೂ. 160
ಒಟ್ಟು: ರೂ. 2,682, ರೂ. 2,708

ಎಣ್ಣೆ, ಸಕ್ಕರೆ ಅಗ್ಗವಾಗಿದ್ದರೂ ದೊಡ್ಡ ಮಳಿಗೆಯ ಮೊತ್ತ ರೂ. 26 ಹೆಚ್ಚು. ಆ ಎರಡನ್ನು ಮಾತ್ರ ಅಲ್ಲಿ ಕೊಂಡರೆ ಒಟ್ಟು ರೂ. 2,626, ಉಳಿತಾಯ ರೂ. 56. ಅದಕ್ಕೆಂದೇ ಹೋಗಿಬರಲು ರೂ. 60 ವೆಚ್ಚವಾದರೆ ನಾಲ್ಕು ರೂಪಾಯಿ ನಷ್ಟ. ಬೇರೆ ಕೆಲಸಕ್ಕೆ ಹೋದಾಗ ತಂದರೆ ಪೂರ್ಣ ಲಾಭ.

3. ವರ್ತಕನು ಗಮನಿಸಬೇಕಾದುದು

ಬಡಾವಣೆಯ ವರ್ತಕನು ತಿಂಗಳ ಉದ್ರಿ ಕೊಡುತ್ತಾನೆ. ವಾರ್ಷಿಕ ಶೇ. 12ರ ಬಡ್ಡಿಯಂತೆ ರೂ. 2,682ಕ್ಕೆ ಒಂದು ತಿಂಗಳ ಬಡ್ಡಿ ಸುಮಾರು ರೂ. 27. ಇದು ಆತನು ಕೊಡುತ್ತಿರುವ ರಿಯಾಯಿತಿಯೇ; ಆದರೆ ಬಿಲ್ಲಿನಲ್ಲಿ ಕಾಣದ ಕಾರಣ ಗಿರಾಕಿಯೂ ಅರಿಯನು, ಅನೇಕ ವೇಳೆ ವರ್ತಕನೂ ಲೆಕ್ಕಕ್ಕೆ ಹಿಡಿಯನು. ನಗದು ಗಿರಾಕಿಗೆ ಇದರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೆ ಇಬ್ಬರಿಗೂ ಅನುಕೂಲ.

ಎಲ್ಲ ವಸ್ತುಗಳಲ್ಲೂ ದೊಡ್ಡ ಮಳಿಗೆಯೊಡನೆ ಪೈಪೋಟಿಗಿಳಿಯುವುದು ಸಣ್ಣ ವರ್ತಕನಿಗೆ ಅಸಾಧ್ಯ, ಅನಗತ್ಯವೂ ಹೌದು. ಮುಖ್ಯ ಪದಾರ್ಥಗಳ ಕಿಲೋ ದರವನ್ನು ಫಲಕದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕುವುದಕ್ಕೆ ಖರ್ಚೇನೂ ಇಲ್ಲ. ಸರಿಯಾಗಿ ಹೋಲಿಸಬಲ್ಲ ಗಿರಾಕಿಯಿಂದ ನ್ಯಾಯವಾದ ದರದ ವರ್ತಕನಿಗೆ ಭಯವಿಲ್ಲ.