ಕಣ್ಣಿಗೆ ಕಾಣದ ಭಾಗಕ್ಕೂ ದುಡ್ಡಿಡು

ಪುಟ್ಟಿ, ನೀನು ಕಳಿಸಿದ ಪಟ್ಟಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಸುರಿದಿದ್ದೀಯ. ಹಾಗಾಗಿ ರ‍್ಯಾಮ್ 16 ಜಿಬಿಗೆ ಇಳಿದಿದೆ, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಎದುರು ಬರೀ ‘750 ವ್ಯಾಟ್’ ಅಂತಿದೆ, ಕಂಪನಿ ಹೆಸರೇ ಇಲ್ಲ. ಆಟದ ಆಸೆ ತಪ್ಪಲ್ಲ ಕಣೇ. ಆದರೆ ರಾತ್ರಿ ಒಂದೆರಡು ಗಂಟೆ ಆಡುವವಳು ಹಗಲೆಲ್ಲ ಕೋಡ್ ಬರೆಯುತ್ತೀಯಲ್ಲ, ಆ ಕೆಲಸವನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡು.

ಆಂಡ್ರಾಯ್ಡ್ ಸ್ಟುಡಿಯೋ, ಅದರ ಎಮ್ಯುಲೇಟರ್, ಒಂದೆರಡು ಡಾಕರ್ ಕಂಟೇನರ್, ಜೊತೆಗೆ ಕ್ರೋಮ್. ಇಷ್ಟಕ್ಕೇ 16 ಜಿಬಿ ತುಂಬಿಹೋಗುತ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಏರಿದೆ, ಗೊತ್ತು. ಆದರೂ 32 ಜಿಬಿಯನ್ನೇ ತಗೋ, 16ರ ಜೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕು. ಬಯೋಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡದಿದ್ದರೆ, 6000 ಅಂತ ಕೊಂಡ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ.

ಪ್ರೊಸೆಸರ್ ರೈಜನ್ 5 7600 ಸಾಕು: ಆರು ಕೋರ್, ಹನ್ನೆರಡು ಥ್ರೆಡ್. ಅದು ಕೂರುವ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು, 2027ರವರೆಗೂ ಅದನ್ನು ಬಿಡುವುದಿಲ್ಲ ಅಂತ ಎಎಂಡಿ ಹೇಳಿದೆ. ಹಳೆಯ ಎಎಂ4ನಲ್ಲಿ 2017ರ ಎಷ್ಟೋ ಬೋರ್ಡುಗಳು ಬರೀ ಬಯೋಸ್ ಅಪ್‌ಡೇಟ್ ಮಾಡಿದ್ದಕ್ಕೆ 2022ರ 5800ಎಕ್ಸ್3ಡಿಯನ್ನೂ ಓಡಿಸಿದವು. ಮುಂದೆ ಸಂಬಳ ಬಂದಾಗ ನೀನೂ ಪ್ರೊಸೆಸರ್ ಮಾತ್ರ ಬದಲಿಸಬಹುದು. ಗ್ರಾಫಿಕ್ಸ್‌ಗೆ ಆರ್‌ಟಿಎಕ್ಸ್ 5060 ಟಿಐ ಸಾಕು. ಅದರಲ್ಲಿ 8 ಜಿಬಿಯದೂ ಇದೆ, 16ರದೂ ಇದೆ. 16ರದ್ದೇ ತಗೋ, ಮಷೀನ್ ಲರ್ನಿಂಗ್ ಪ್ರಾಜೆಕ್ಟಿಗೂ ಅದೇ ಬೇಕಾಗುತ್ತದೆ.

ಇನ್ನು ಎಸ್‌ಎಂಪಿಎಸ್. ನನಗೆ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆಯೇ. ಆಟದ ನಡುವೆ ಈ ಯಂತ್ರ ಎಳೆಯುವುದು ಹೆಚ್ಚುಕಡಿಮೆ 300 ವ್ಯಾಟ್. ಅದಕ್ಕೆ ಒಳ್ಳೆಯ 650 ವ್ಯಾಟಿನದು ಧಾರಾಳ. ಡಬ್ಬದ ಮೇಲಿನ ‘80 ಪ್ಲಸ್’ ಮುದ್ರೆ ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ. ಶಾರ್ಟ್ ಆದಾಗ, ಓವರ್‌ಲೋಡ್ ಆದಾಗ ತಾನೇ ಆಫ್ ಆಗಿ ಉಳಿದ ಭಾಗಗಳನ್ನು ಕಾಪಾಡುತ್ತದೋ ಇಲ್ಲವೋ, ಅದನ್ನು ಆ ಮುದ್ರೆ ಹೇಳುವುದಿಲ್ಲ. ಒಳಗೆ ಬಿಚ್ಚಿ ಪರೀಕ್ಷೆ ಮಾಡಿದವರ ವಿಮರ್ಶೆ ಓದಿ, ಐದು ವರ್ಷವಾದರೂ ವಾರಂಟಿ ಇರುವುದನ್ನು ಆರಿಸು. ಮಾಡ್ಯುಲರ್ ಆದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸು. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳ ಜೋಡಣೆ ಬೇರೆ ಇರಬಹುದು, ಸ್ವಿಚ್ ಹಾಕಿದ ಕೂಡಲೇ ಹಾರ್ಡ್‌ಡಿಸ್ಕ್ ಸುಟ್ಟುಹೋಗಬಹುದು.

ಕೊಳ್ಳುವುದಕ್ಕೆ ಮುಂಚೆ ನಿನ್ನ ಕೋಣೆಯ ಅರ್ತಿಂಗ್ ಪರೀಕ್ಷೆ ಮಾಡಿಸು. ಎಷ್ಟೋ ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಬೆರಳು ಜುಮ್ಮೆಂದರೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಎಲೆಕ್ಟ್ರಿಷಿಯನ್ ಕರೆಸದೆ ಸ್ವಿಚ್ ಹಾಕಬೇಡ. ಯುಪಿಎಸ್ ಕೂಡ ನೋಡಿ ತಗೋ: 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೆ. ಮಾನಿಟರೂ ಸೇರಿದರೆ ಆಟದ ನಡುವೆ ಕರೆಂಟ್ ಹೋದಾಗ ಅದೂ ಕೈಕೊಡಬಹುದು. 1000 ವಿಎಗೆ ಹೋಗು.

ಎಸ್‌.ಪಿ. ರಸ್ತೆಗೆ ಹೋದರೆ ಮೂರ್ನಾಲ್ಕು ಅಂಗಡಿಯಲ್ಲಾದರೂ ರೇಟು ಕೇಳು. ಬಿಲ್ ಬೇಡವೆಂದರೆ ಕಡಿಮೆ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡ. ಜಿಎಸ್‌ಟಿ ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೋ, ಡಬ್ಬದ ಮೇಲಿನದಕ್ಕೆ ಅಲ್ಲೇ ತಾಳೆ ನೋಡು. ಪಟ್ಟಿ ತಿದ್ದಿದ ಮೇಲೆ ಇನ್ನೊಮ್ಮೆ ಕಳಿಸು, ಎಸ್‌ಎಂಪಿಎಸ್‌ನ ಕಂಪನಿ ಹೆಸರೂ ಮಾಡೆಲ್ಲೂ ಸೇರಿಸಿ.