ಸೊಗದೆ ಬೇರು, ಸ್ಪಿರಿಟ್ಟು, ನನ್ನ ಮೂಗು

ಟಿಂಚರ್ ಅಂದರೆ ನಮ್ಮ ಕಡೆ ಈಗಲೂ ಒಂದೇ ಅರ್ಥ. ಮಂಡಿ ತರಚಿಕೊಂಡು ಬಂದ ಹುಡುಗನನ್ನು ಇಬ್ಬರು ಹಿಡಿದುಕೊಳ್ಳಬೇಕು, ಮೂರನೆಯವರು ಹತ್ತಿ ಅದ್ದಿ ಒತ್ತಬೇಕು, ಕೇರಿಗೆಲ್ಲ ಕೇಳುವ ಹಾಗೆ ಅವನು ಕಿರುಚಬೇಕು. ಅದು ಅಯೋಡಿನ್ನಿನ ಟಿಂಚರ್. ನಾನು ಹೇಳಹೊರಟಿರುವುದು ಬೇರಿನದು. ಮೂಲಿಕೆಯನ್ನು ಮದ್ಯಸಾರದಲ್ಲಿ ನೆನೆಹಾಕಿ ಸೋಸಿದರೆ ಬರುವುದೂ ಟಿಂಚರೇ. ಹೋಮಿಯೋಪಥಿಯವರ ಮದರ್ ಟಿಂಚರ್ ಕೂಡ ಇದೇ ಕುಲದ್ದು.

ನಮ್ಮಪ್ಪ ತೀರ್ಥಹಳ್ಳಿ ಸೀಮೆಯಲ್ಲಿ ಪಂಡಿತರು. ಅವರ ಕೈಯಲ್ಲಿ ಆಸವ, ಅರಿಷ್ಟಗಳು ಆಗುತ್ತಿದ್ದವು. ನಾನು ಕಾಲೇಜಿನಲ್ಲಿ ಆಯುರ್ವೇದ ಓದಿ ಬಂದು, ಲೈಸೆನ್ಸ್ ಮಾಡಿಸಿ, ಮನೆ ಹಿಂದಿನ ಕೊಟ್ಟಿಗೆಯನ್ನೇ ರಿಪೇರಿ ಮಾಡಿಸಿಕೊಂಡು ಔಷಧಿ ತಯಾರಿಕೆಗೆ ಕೂತೆ. ಅಶ್ವಗಂಧ, ಬ್ರಾಹ್ಮಿ ಎಲ್ಲರೂ ಮಾಡುತ್ತಾರೆ, ನನ್ನದು ಬೇರೆ ಏನಾದರೂ ಇರಲಿ ಎಂಬ ಹುರುಪಿನಲ್ಲಿ ಸೊಗದೆ ಬೇರು ಹಿಡಿದುಕೊಂಡೆ. ಹದಿನೆಂಟು ವರ್ಷವಾಯಿತು. ಬಾಟಲಿಗೆ ತುಂಬಿದ್ದೆಷ್ಟೋ, ಬಚ್ಚಲಿಗೆ ಚೆಲ್ಲಿದ್ದೂ ಹೆಚ್ಚುಕಮ್ಮಿ ಅಷ್ಟೇ. ಚೆಲ್ಲಿದಾಗ ಕಲಿತದ್ದನ್ನು ಬರೆದಿದ್ದೇನೆ.

1. ಹೆಸರು ಹೇಳಿ ಕೊಳ್ಳಬೇಡಿ

ಈ ಬಳ್ಳಿಗೆ ಹೆಸರಿಗೆ ಬರವಿಲ್ಲ. ನಮ್ಮಲ್ಲಿ ಸೊಗದೆ, ಬೇರೆ ಕಡೆ ನಾಮದ ಬೇರು, ಸುಗಂಧಿ ಬೇರು, ಸಂಸ್ಕೃತದಲ್ಲಿ ಸಾರಿವಾ, ಅನಂತಮೂಲ, ತಮಿಳಿನಲ್ಲಿ ನನ್ನಾರಿ. ಸಸ್ಯಶಾಸ್ತ್ರದವರಿಗೆ ಹೆಮಿಡೆಸ್ಮಸ್ ಇಂಡಿಕಸ್. ಬ್ರಿಟಿಷರು ಇದನ್ನು ಇಂಡಿಯನ್ ಸಾರ್ಸಪರಿಲ್ಲಾ ಎಂದು ಕರೆದು, 1864ರ ತಮ್ಮ ಬ್ರಿಟಿಷ್ ಫಾರ್ಮಕೋಪಿಯಾದಲ್ಲೂ ಸೇರಿಸಿಕೊಂಡಿದ್ದರು.

ತೊಂದರೆ ಇರುವುದು ಸಾರಿವಾ ಎಂಬ ಹೆಸರಲ್ಲೇ. ಗ್ರಂಥಗಳಲ್ಲಿ ಸಾರಿವಾ ಎರಡು, ಶ್ವೇತ ಮತ್ತು ಕೃಷ್ಣ. ಬಿಳಿಯದು ನಮ್ಮ ಸೊಗದೆ. ಕರಿಯದರ ಹೆಸರಲ್ಲಿ ಕ್ರಿಪ್ಟೋಲೆಪಿಸ್, ಇಕ್ನೋಕಾರ್ಪಸ್ ಎಂಬ ಬೇರೆಯೇ ಬಳ್ಳಿಗಳು ಮಾರಾಟವಾಗುತ್ತವೆ. ಗ್ರಂಥಿಗೆ ಅಂಗಡಿಗೆ ಹೋಗಿ ‘ಸಾರಿವಾ ಕೊಡಿ’ ಅಂದರೆ ಅವರು ಕೊಟ್ಟಿದ್ದು ತಪ್ಪಲ್ಲ, ನೀವು ಕೇಳಿದ್ದೇ ತಪ್ಪು. ಮೊದಲ ವರ್ಷ ನಾನು ಹಾಗೆ ಕೇಳಿ ತಂದ ಎರಡು ಕಿಲೋ ಬೇರಿಗೆ ಸೌದೆಯಷ್ಟೂ ಪರಿಮಳ ಇರಲಿಲ್ಲ.

ಬಳ್ಳಿಯನ್ನು ಗುರುತು ಹಿಡಿಯುವುದು ಕಷ್ಟವಲ್ಲ. ತೆಳ್ಳಗಿನ ಹಂಬು, ಎಲೆಗಳು ಎದುರುಬದುರು. ಕಡುಹಸಿರು ಎಲೆಯ ನಡುನರದ ಗುಂಟ ಸುಣ್ಣದಲ್ಲಿ ಎಳೆದ ಹಾಗೆ ಬಿಳಿ ಗೆರೆ. ನಾಮದ ಬೇರು ಎಂಬ ಹೆಸರು ಈ ನಾಮದಿಂದಲೇ ಬಂದಿರಬೇಕು ಎಂಬುದು ನನ್ನ ಊಹೆ. ಮುರಿದರೆ ಹಾಲು ಬರುತ್ತದೆ. ಒಂದೇ ಬಳ್ಳಿಯಲ್ಲಿ ಒಂದೆಲೆ ಹುಲ್ಲಿನ ಹಾಗೆ ಸಪೂರ, ಇನ್ನೊಂದು ಅಗಲ. ಎರಡು ಗಿಡ ಹೆಣೆದುಕೊಂಡಿವೆಯೋ ಎಂದು ಹೊಸಬರಿಗೆ ಅನುಮಾನ ಬರುತ್ತದೆ. ಎರಡಲ್ಲ, ಒಂದೇ.

2. ಮೂಗನ್ನು ನಂಬಿ, ಆದರೆ ಚಾಕುವನ್ನೂ ಇಟ್ಟುಕೊಳ್ಳಿ

ಮೇಲಿನ ಪೆಟ್ಟಿನ ಮೇಲೆ ನಾನು ಮೂಗಿನ ಭಕ್ತನಾದೆ. ಬೇರಿನ ಸಿಪ್ಪೆಯನ್ನು ಉಗುರಲ್ಲಿ ಕೆರೆದು ಮೂಸುವುದು, ಘಮ್ಮೆಂದರೆ ಕೊಳ್ಳುವುದು. ನಾಲ್ಕು ವರ್ಷ ಹೀಗೇ ನಡೆಯಿತು. ಐದನೆಯ ವರ್ಷ ಒಬ್ಬ ವ್ಯಾಪಾರಿ ಹನ್ನೆರಡು ಕಿಲೋ ಕತ್ತರಿಸಿದ ಬೇರು ಕಳಿಸಿದ. ಚೀಲ ಬಿಚ್ಚಿದ ಕೂಡಲೇ ಕೊಟ್ಟಿಗೆಯೆಲ್ಲ ಪರಿಮಳ. ಅಂಥ ಬೇರನ್ನು ಅದುವರೆಗೆ ಕಂಡಿರಲಿಲ್ಲ. ಖುಷಿಯಲ್ಲಿ ಎಲ್ಲವನ್ನೂ ಒಟ್ಟಿಗೆ ನೆನೆಹಾಕಿದೆ. ಹತ್ತು ದಿನದ ಮೇಲೆ ಚರಟ ಹಿಂಡುವಾಗ ಕೈಗೆ ಸಂಶಯ ಬಂತು: ತುಂಡುಗಳು ಮೆತ್ತಗೆ, ದಪ್ಪ, ಗೆಣಸಿನ ಹಾಗೆ. ಸೊಗದೆ ಬೇರು ನೆನೆದರೂ ಹಾಗಾಗುವುದಿಲ್ಲ.

ಅದು ಮಾಕಳಿ ಬೇರು. ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ ಬೆಳೆಯುವ, ಉಪ್ಪಿನಕಾಯಿಗೆ ಹೆಸರಾದ, ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಬೇರೆಯೇ ಸಸ್ಯ. ನನ್ನ ಮೂಗು ಮೋಸಹೋದದ್ದರಲ್ಲಿ ಅದರ ತಪ್ಪೇನೂ ಇಲ್ಲ. ಎರಡೂ ಬೇರುಗಳ ಪರಿಮಳಕ್ಕೆ ಮುಖ್ಯ ಕಾರಣ ಒಂದೇ ರಾಸಾಯನಿಕ, 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ವೆನಿಲಾದ ವೆನಿಲಿನ್‌ಗೆ ಅದು ದಾಯಾದಿ: ಪರಮಾಣುಗಳು ಅವೇ, ಕೂತ ಜಾಗ ಬೇರೆ. ಒಂದೇ ಅತ್ತರು ಪೂಸಿಕೊಂಡ ಇಬ್ಬರನ್ನು ಕತ್ತಲಲ್ಲಿ ಗುರುತಿಸು ಅಂದರೆ ಮೂಗು ಏನು ಮಾಡೀತು?

ಅಂದಿನಿಂದ ಕತ್ತರಿಸಿದ ಬೇರನ್ನು ನಾನು ಕೊಳ್ಳುವುದಿಲ್ಲ, ಇಡೀ ಬೇರೇ ಬೇಕು. ಸೊಗದೆಯದು ಪೆನ್ಸಿಲಿನ ದಪ್ಪ ಅಥವಾ ಅದಕ್ಕೂ ಸಪೂರ, ಗಟ್ಟಿ, ಕಡುಕಂದು. ಒಣಗಿದ ಸಿಪ್ಪೆಯ ಮೇಲೆ ಅಡ್ಡಡ್ಡ ಬಿರುಕುಗಳು, ಒಳಗೆ ಕಟ್ಟಿಗೆಯಂಥ ತಿರುಳು. ಮಾಕಳಿ ಬೆರಳಿನ ದಪ್ಪ, ಮಾಂಸಲ. ಚಾಕುವಿನಲ್ಲಿ ಅಡ್ಡ ಕೊಯ್ದು ನೋಡಿದರೆ ಮಕ್ಕಳೂ ಹೇಳುತ್ತಾರೆ. ಆ ವ್ಯಾಪಾರಿಯ ಜೊತೆ ನಾನು ಜಗಳವಾಡಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದೇ ಈಗಲೂ ನನ್ನ ನಂಬಿಕೆ. ಆದರೆ ನನ್ನ ಹೊಟ್ಟೆ ಉರಿದದ್ದು ದುಡ್ಡಿಗಾಗಿ ಮಾತ್ರವಲ್ಲ. ಮಾಕಳಿ ಐಯುಸಿಎನ್ ಕೆಂಪುಪಟ್ಟಿಯಲ್ಲಿರುವ, ಅಳಿವಿನ ಅಪಾಯದಲ್ಲಿರುವ ಸಸ್ಯ. ಕಿತ್ತವರಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ, ಹನ್ನೆರಡು ಕಿಲೋ ಮಾತ್ರ ಬಚ್ಚಲು ಸೇರಿತು.

3. ಅಗೆಯುವವರ ಜೊತೆ ಒಂದು ದಿನವಾದರೂ ಹೋಗಿ

ನನಗೆ ಬೇರು ತಂದುಕೊಡುತ್ತಿದ್ದ ಅಜ್ಜ ಒಬ್ಬರಿದ್ದರು. ಮಳೆ ನಿಂತು, ನೆಲದಲ್ಲಿ ಹಸಿ ಇನ್ನೂ ಆರದ ಹೊತ್ತಿಗೆ ಹೊರಡುತ್ತಿದ್ದರು. ನೆಲ ಒಣಗಿದ ಮೇಲೆ ಹೋದರೆ ಹಾರೆಗೆ ಬೇರು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಒಮ್ಮೆ ನಾನೂ ಹೋದೆ. ಬುಡದ ಒಂದು ಮಗ್ಗುಲನ್ನಷ್ಟೇ ಅಗೆದು, ಎರಡು ಬೇರು ತೆಗೆದು, ಮಣ್ಣು ಮುಚ್ಚಿ ತುಳಿದು ಮುಂದೆ ಹೋದರು. ಆ ಕಡೆ ಇನ್ನೂ ಇದೆಯಲ್ಲ ಅಂದೆ.

“ಪೂರ್ತಿ ಕಿತ್ರೆ ಮುಂದಿನ ಸಲ ಎಲ್ಲಿಗೆ ಕರ್ಕೊಂಡು ಹೋಗ್ಲಿ ಪಂಡಿತ್ರೇ ನಿಮ್ಮನ್ನ?” ಅಂದರು.

ಇಡೀ ದಿನ ಸುತ್ತಿ ನಾವಿಬ್ಬರೂ ತಂದದ್ದು ಹಸಿ ಬೇರು ಮೂರು ಕಿಲೋ. ಒಣಗಿದ ಮೇಲೆ ಅದು ಅರ್ಧವೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಬೇರಿನ ರೇಟಿಗೆ ನಾನು ಚೌಕಾಸಿ ಮಾಡಿಲ್ಲ. ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅದು ಬೇರೆ ಮಾತು. ನಮ್ಮ ಅಜ್ಜ ಅಗೆಯುತ್ತಿದ್ದದ್ದು ತೋಟದ ಅಂಚು, ಸ್ವಂತದವರ ಬೇಣಗಳಲ್ಲಿ.

4. ತೊಳೆಯಿರಿ, ನೆನೆಸಬೇಡಿ

ಮಣ್ಣು ಹೋಗಲಿ ಎಂದು ಬೇರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಹಾಕಿಟ್ಟರೆ ಬೆಳಿಗ್ಗೆ ಆ ನೀರೇ ಒಳ್ಳೆಯ ಶರಬತ್ತಾಗಿರುತ್ತದೆ. ಹರಿಯುವ ನೀರಲ್ಲಿ ಬೇಗ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿ. ಅಟ್ಟದ ಹೊಗೆ ಬೇಡ.

5. ಕುದಿಸುವ ಆಸೆ ಬಿಡಿ

ಕಷಾಯ ಕುದಿಸಿ ಬೆಳೆದವರು ನಾವು, ಏನು ಸಿಕ್ಕಿದರೂ ಒಲೆ ಮೇಲಿಡುವ ಅಭ್ಯಾಸ. ಮೊದಲು ಬೇರನ್ನು ಕುದಿಸಿ, ಆಮೇಲೆ ಸ್ಪಿರಿಟ್ಟಿಗೆ ಹಾಕಿದರೆ ಎರಡು ಪಟ್ಟು ಸತ್ವ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ಕುದಿಸಿದ ದಿನ ಮನೆಯೆಲ್ಲ ಘಮಘಮ, ಬೀದಿಯಲ್ಲಿ ಹೋಗುವವರೂ ಇಣುಕಿದರು. ಬೀದಿಗೆ ಹೋದ ಪರಿಮಳ ಪಾತ್ರೆಗೆ ವಾಪಸು ಬರುವುದಿಲ್ಲವಲ್ಲ. ಆ ಸುಗಂಧ ದ್ರವ್ಯ ಹಬೆಯ ಜೊತೆಗೇ ಹಾರಿಹೋಗುವಂಥದ್ದು.

ಅಪ್ಪ ನೋಡಿ ನಕ್ಕರು. ಶಾರ್ಙ್ಗಧರ ಸಂಹಿತೆಯಲ್ಲಿ ಆಸವಕ್ಕೂ ಅರಿಷ್ಟಕ್ಕೂ ಹೇಳಿರುವ ವ್ಯತ್ಯಾಸ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ: ಕುದಿಸಿ ಮಾಡಿದ್ದು ಅರಿಷ್ಟ, ಕುದಿಸದೆ ಮಾಡಿದ್ದು ಆಸವ. ಭೈಷಜ್ಯ ರತ್ನಾವಳಿಯಲ್ಲಿ ಈ ಬೇರಿನ ಹೆಸರಿನದೇ ಔಷಧಿ ಇದೆ, ಸಾರಿವಾದ್ಯಾಸವ. ಅರಿಷ್ಟವಲ್ಲ, ಆಸವ. ಅಂಕ ಬಂದಿತ್ತು, ಅರ್ಥ ಬಂದಿರಲಿಲ್ಲ.

6. ಸ್ಪಿರಿಟ್ಟಿನ ವಿಷಯದಲ್ಲಿ ಜಿಪುಣತನ ಪ್ರಾಣಕ್ಕೆ ಬರುತ್ತದೆ

ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪೀಠೋಪಕರಣಕ್ಕೆ ಹಚ್ಚುವ ಪಾಲಿಶ್ ಸ್ಪಿರಿಟ್, ಆಸ್ಪತ್ರೆಯ ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಇವು ಯಾವುವೂ ಕುಡಿಯುವ ಔಷಧಿಗೆ ಸಲ್ಲ. ಕುಡಿಯಬಾರದೆಂದೇ ಮಿಥೈಲ್ ಆಲ್ಕೋಹಾಲಿನಂಥವನ್ನು ಬೆರೆಸಿದ ಸ್ಪಿರಿಟ್ ಅಂಗಡಿಗಳಲ್ಲಿ ಸಿಗುತ್ತದೆ. ಮಿಥೈಲ್ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ. ವಾಸನೆಯಿಂದ ಅದನ್ನು ಕಂಡುಹಿಡಿಯಲು ಆಗುವುದಿಲ್ಲ. ಇಲ್ಲೂ ಮೂಗು ಕೆಲಸಕ್ಕೆ ಬಾರದು.

ಸರಿಯಾದ ರೆಕ್ಟಿಫೈಡ್ ಸ್ಪಿರಿಟ್ ಬೇಕಾದರೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಮಾರಲು ತಯಾರಿಸುವುದಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಕಾಗದಪತ್ರಕ್ಕೆ ನನಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಬೈದುಕೊಂಡೇ ಓಡಾಡಿದೆ. ಈಗ ಯೋಚಿಸಿದರೆ ಆ ಹದಿನಾಲ್ಕು ತಿಂಗಳು ಇರಬೇಕಾದದ್ದೇ.

7. ನೀರು ಬೆರೆಸುವುದಕ್ಕೂ ಲೆಕ್ಕ ಬೇಕು

ರೆಕ್ಟಿಫೈಡ್ ಸ್ಪಿರಿಟ್ ಸುಮಾರು ಶೇ. 95ರದ್ದು. ನಾನು ಮೂರು ಬಗೆ ಮಾಡಿ ನೋಡಿದ್ದೇನೆ. ಶೇ. 40ರಲ್ಲಿ ಬಣ್ಣ ಚೆನ್ನಾಗಿ ಬಿಟ್ಟಿತು, ಪರಿಮಳ ಮಂಕು, ತಳದಲ್ಲಿ ಗಸಿ ಜಾಸ್ತಿ. ಶೇ. 90ರಲ್ಲಿ ಪರಿಮಳ ಜೋರು, ಆದರೆ ನಾಲಿಗೆಗೆ ಬೇರಿನ ಸಿಹಿ-ಒಗರು ಸಿಗಲಿಲ್ಲ; ನೀರಿಗೆ ಬಿಡುವ ಅಂಶವೆಲ್ಲ ಚರಟದಲ್ಲೇ ಉಳಿಯಿತು. ಶೇ. 60ಕ್ಕೆ ನಿಂತಿದ್ದೇನೆ.

ಒಂದು ಲೀಟರಿಗೆ ಶೇ. 95ರ ಸ್ಪಿರಿಟ್ 632 ಮಿಲಿ ಅಳೆದು, ಒಂದು ಲೀಟರಿನ ಗೆರೆ ಮುಟ್ಟುವ ತನಕ ನೀರು ಹಾಕಬೇಕು. 368 ಮಿಲಿ ನೀರು ಬೇರೆ ಅಳೆದು ಸುರಿದರೆ ಗೆರೆ ಮುಟ್ಟುವುದಿಲ್ಲ. ಸ್ಪಿರಿಟ್ಟು ಮತ್ತು ನೀರು ಕೂಡಿದಾಗ ಒಟ್ಟು ಅಳತೆ ಕುಗ್ಗುತ್ತದೆ, ಪಾತ್ರೆ ಬೆಚ್ಚಗೂ ಆಗುತ್ತದೆ. ನಮ್ಮ ಹುಡುಗ ಇದನ್ನು ಮೊದಲ ಸಲ ನೋಡಿ, ಯಾರೋ ಕುಡಿದಿದ್ದಾರೆ ಎಂದು ನನ್ನನ್ನೇ ಗುಮಾನಿಯಿಂದ ನೋಡಿದ್ದ. ತಣಿದ ಮೇಲೆ ಇನ್ನೊಮ್ಮೆ ಗೆರೆ ನೋಡಿ ನೀರು ಸರಿಮಾಡಿ.

ಬೇರು 200 ಗ್ರಾಂ, ದ್ರವ ಒಂದು ಲೀಟರ್. ಒಂದಕ್ಕೆ ಐದು ಎಂಬ ಹಳೆಯ ಅಳತೆ ಇದೇ. ಬೇರನ್ನು ಒರಳಿನಲ್ಲಿ ಜಜ್ಜಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಒಳಗಿನ ಬಿಳಿ ಕಡ್ಡಿಯನ್ನು ಆರಿಸಿ ಎಸೆಯಿರಿ, ಪರಿಮಳ ಇರುವುದು ಸಿಪ್ಪೆಯಲ್ಲಿ. ತೂಕ ಮಾಡುವುದು ಕಡ್ಡಿ ತೆಗೆದ ಮೇಲೆ. ನುಣ್ಣಗೆ ಪುಡಿ ಮಾಡಬೇಡಿ. ಸೋಸುವಾಗ ಬಟ್ಟೆ ಕಟ್ಟಿಕೊಂಡು ಅರ್ಧ ದಿನ ಹೋಗುತ್ತದೆ.

8. ಬಾಟಲಿ ಕುಲುಕಿ, ಚೀಟಿ ಅಂಟಿಸಿ

ಗಾಜಿನ ಭರಣಿ, ಬಿಗಿ ಮುಚ್ಚಳ, ಕತ್ತಲೆ ಮೂಲೆ. ಹಳೆಯ ಫಾರ್ಮಕೋಪಿಯಾಗಳ ಲೆಕ್ಕ ಏಳು ದಿನ, ನಾನು ಹದಿನಾಲ್ಕು ಇಡುತ್ತೇನೆ. ತಿಂಗಳುಗಟ್ಟಲೆ ಇಟ್ಟು ನನಗೆ ಯಾವ ಲಾಭವೂ ಕಂಡಿಲ್ಲ. ದಿನಕ್ಕೆರಡು ಸಲ ಕುಲುಕಬೇಕು. ಒಲೆಯ ಹತ್ತಿರ ಇಡಬೇಡಿ, ಅದು ಉರಿಯುವ ವಸ್ತು. ಚೀಟಿಯಲ್ಲಿ ಬೇರು ಬಂದ ಜಾಗ, ಅಗೆದ ತಿಂಗಳು, ಸ್ಪಿರಿಟ್ಟಿನ ಶೇಕಡಾ, ಹಾಕಿದ ತಾರೀಖು ಇರಲಿ. ನೆನಪಿರುತ್ತದೆ ಎಂದುಕೊಂಡವನ ಕಪಾಟಿನಲ್ಲಿ ಇವತ್ತಿಗೂ ಯಾವುದೆಂದು ಗೊತ್ತಿಲ್ಲದ ಮೂರು ಬಾಟಲಿಗಳಿವೆ.

9. ಎಲ್ಲರಿಗೂ ಟಿಂಚರ್ ಬೇಡ

“ಇದ್ರಲ್ಲಿ ಎಂಥ ಹಾಕಿದೀರಿ ಡಾಕ್ಟ್ರೇ? ಸಾರಾಯಿ ವಾಸನೆ ಬರ್ತದಲ್ಲ!” ಬಾಟಲಿ ಮೂಸಿ ನೋಡಿದ ಒಬ್ಬರು ಅಮ್ಮ ಕೇಳಿದರು.

“ಸ್ಪಿರಿಟ್ ಅಮ್ಮಾ. ಬೇರಿನ ಸಾರ ಬಿಡ್ಲಿಕ್ಕೆ ಅದು ಬೇಕು.”

“ನಮ್ಮತ್ತೆ ಮಡಕೆ ನೀರಲ್ಲಿ ಹಾಕಿಟ್ರೂ ಬಿಡ್ತಿತ್ತಪ್ಪ.”

ಅವರು ಹೇಳಿದ್ದು ನಿಜ. ಬೇಸಿಗೆಯ ಬಾಯಾರಿಕೆಗೆ, ಮೈ ಕಾವಿಗೆ ಸೊಗದೆ ಬೇರು ಬೇಕೆನ್ನುವವರಿಗೆ ಮಡಕೆ ನೀರೋ ಶರಬತ್ತೋ ಸಾಕು. ಟಿಂಚರಿನ ಅನುಕೂಲ ಎರಡೇ: ಕೆಡದೆ ಉಳಿಯುತ್ತದೆ, ಹನಿ ಲೆಕ್ಕದಲ್ಲಿ ಕೊಡಬಹುದು. ಬಸುರಿಯರಿಗೆ, ಮಕ್ಕಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಕುಡಿತ ಬಿಡಲು ಒದ್ದಾಡುತ್ತಿರುವವರಿಗೆ ನಾನು ಕೊಡುವುದಿಲ್ಲ. ಮೆಟ್ರೋನಿಡಜೋಲ್‌ನಂಥ ಮಾತ್ರೆ ನುಂಗುತ್ತಿರುವವರಿಗೂ ಇಲ್ಲ. ಮದ್ಯ ಮುಟ್ಟುವುದಿಲ್ಲ ಎಂದು ವ್ರತ ಇಟ್ಟುಕೊಂಡವರಿಗೆ ಹೇಳದೆ ಕೊಡುವುದಂತೂ ದ್ರೋಹ. ನಾನು ಆ ಅಮ್ಮನಿಗೆ ಬೇರನ್ನೇ ಕಟ್ಟಿಕೊಟ್ಟು ಕಳಿಸಿದೆ.

10. ಬೇಲಿಯಲ್ಲಿ ಇರುವುದನ್ನು ಮೊದಲು ಉಳಿಸಿ

ಅಗೆಯುತ್ತಿದ್ದ ಅಜ್ಜ ಈಗಿಲ್ಲ. ಅವರ ಮಗ ಶಿವಮೊಗ್ಗದಲ್ಲಿ ಆಟೋ ಓಡಿಸುತ್ತಾನೆ. ನಾನು ಆರು ವರ್ಷದಿಂದ ನಮ್ಮ ತೋಟದ ಅಂಚಿನಲ್ಲೇ ಸೊಗದೆ ಬೆಳೆಸುತ್ತಿದ್ದೇನೆ. ಕಾಯಿ ಒಡೆದರೆ ಬೀಜ ರೇಷ್ಮೆ ಕೂದಲು ಬಿಚ್ಚಿಕೊಂಡು ಗಾಳಿಗೆ ಹಾರಿಹೋಗುತ್ತದೆ, ಅದಕ್ಕೇ ಒಡೆಯುವ ಮುಂಚೆ ಬಟ್ಟೆ ಕಟ್ಟುತ್ತೇನೆ. ಕಡ್ಡಿ ನೆಟ್ಟಿದ್ದರಲ್ಲಿ ಹತ್ತಕ್ಕೆ ಮೂರೋ ನಾಲ್ಕೋ ಹಿಡಿಯುತ್ತವೆ. ಮೂರನೆಯ ವರ್ಷಕ್ಕೆ ಕೈಗೆ ಬರುವಷ್ಟು ಬೇರು ಆಗುತ್ತದೆ, ಅದೂ ಒಂದು ಬುಡಕ್ಕೆ ಒಂದು ಹಿಡಿ. ದುಡ್ಡಿನ ಬೆಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಡಿಗಿಂತ ಬೇಗ ಈ ಬಳ್ಳಿ ಮಾಯವಾಗುತ್ತಿರುವುದು ನಮ್ಮ ನಮ್ಮ ಬೇಲಿಗಳಿಂದ. ಕತ್ತಿಯಲ್ಲಿ ಸವರುವ ಕಾಲದಲ್ಲಿ ಆಳುಗಳು ಗುರುತಿಟ್ಟು ಬಿಡುತ್ತಿದ್ದರು. ಕಳೆ ಕೊಚ್ಚುವ ಯಂತ್ರಕ್ಕೆ ಎಲ್ಲ ಹಸಿರೂ ಒಂದೇ, ಕಳೆನಾಶಕಕ್ಕಂತೂ ಕೇಳುವುದೇ ಬೇಡ. ನಿಮ್ಮ ತೋಟದ ಅಂಚಿನಲ್ಲಿ ನಡುವೆ ಬಿಳಿ ಗೆರೆ ಎಳೆದ ಎಲೆಯ ಸಪೂರ ಬಳ್ಳಿ ಕಂಡರೆ, ಮುಂದಿನ ಸಲ ಯಂತ್ರದವನು ಬರುವ ಮುಂಚೆ ಅದರ ಪಕ್ಕ ಒಂದು ಗೂಟ ನೆಟ್ಟಿಡಿ.