ಹೊರಗಿನ ಲೇನಿನವರು ಮುಂದೆ ಯಾಕೆ ನಿಲ್ಲುತ್ತಾರೆ?

ಗೆಳೆಯರೇ, ಕ್ರೀಡಾಕೂಟದಲ್ಲಿ 400 ಮೀಟರ್ ಓಟ ನೋಡಿದ್ದೀರಲ್ಲಾ? ಒಂದನೇ ಲೇನಿನವನು ಎಲ್ಲರಿಗಿಂತ ಹಿಂದೆ, ಕೊನೇ ಲೇನಿನವನು ಎಲ್ಲರಿಗಿಂತ ಮುಂದೆ ನಿಂತಿರುತ್ತಾನೆ. ‘ಇದು ಮೋಸ ಸಾರ್’ ಅಂತ ಕೆಲವರು ಕೂಗುತ್ತಾರೆ. ಮೋಸ ಅಲ್ಲ, ಇದು ನಮ್ಮ ಗಣಿತದ ವೃತ್ತದ ಪಾಠ.

ಟ್ರ್ಯಾಕಿನ ಎರಡು ಬದಿ ನೇರವಾಗಿವೆ. ಎರಡು ತುದಿ ಅರ್ಧವೃತ್ತ. ಎರಡು ಅರ್ಧ ಸೇರಿದರೆ ಒಂದು ಪೂರ್ಣ ವೃತ್ತ. ನೇರ ಭಾಗದಲ್ಲಿ ಎಲ್ಲರಿಗೂ ಒಂದೇ ದೂರ. ತಿರುವಿನಲ್ಲಿ ಮಾತ್ರ ಹೊರಗೆ ಹೋದಷ್ಟೂ ತ್ರಿಜ್ಯ ಹೆಚ್ಚು, ಆದ್ದರಿಂದ ಪರಿಧಿಯೂ ಹೆಚ್ಚು.

ಪರಿಧಿ = 2 × 22/7 × ತ್ರಿಜ್ಯ

ಲೇನಿನ ಅಗಲ 1 ಮೀಟರ್ ಆದರೆ ಪಕ್ಕದ ಲೇನಿನ ತ್ರಿಜ್ಯ 1 ಮೀಟರ್ ಹೆಚ್ಚು. ಆಗ ಒಂದು ಸುತ್ತಿಗೆ ಹೆಚ್ಚುವ ದೂರ 2 × 22/7 × 1, ಅಂದರೆ ಸುಮಾರು 6.3 ಮೀಟರ್. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಆರನೇ ಲೇನಿನವನು 5 × 6.3 = 31.5 ಮೀಟರ್ ಜಾಸ್ತಿ ಓಡಬೇಕು. ಪಾಪ, ಅವನು ಗೆಲ್ಲುವುದು ಹೇಗೆ? ಅಷ್ಟು ದೂರ ಮುಂದೆ ನಿಲ್ಲಿಸಿದರೆ ಸರಿಹೋಗುತ್ತದೆ.

ಆಶ್ಚರ್ಯ ಏನೆಂದರೆ, ಈ ಲೆಕ್ಕದಲ್ಲಿ ಮೈದಾನದ ಅಳತೆಯೇ ಬರುವುದಿಲ್ಲ! ಮೈದಾನ ಚಿಕ್ಕದಿರಲಿ ದೊಡ್ಡದಿರಲಿ, 1 ಮೀಟರ್ ಲೇನಿಗೆ ಒಂದು ಸುತ್ತಿಗೆ ಅದೇ 6.3 ಮೀಟರ್. ದೊಡ್ಡ ಸ್ಟೇಡಿಯಂಗಳಲ್ಲಿ ಲೇನಿನ ಅಗಲ 1.22 ಮೀಟರ್. ಅದಕ್ಕೆ ಎಷ್ಟು ಬರುತ್ತದೆ, ನೀವೇ ಲೆಕ್ಕ ಹಾಕಿ.

100 ಮೀಟರ್ ಓಟದಲ್ಲಿ ತಿರುವಿಲ್ಲ, ಅದಕ್ಕೇ ಎಲ್ಲರಿಗೂ ಒಂದೇ ಗೆರೆ. ತಿರುವಿನ ಓಟದಲ್ಲಿ ಒಳಗಿನ ಲೇನಿಗೆ ನುಗ್ಗಿದರೆ ದೂರ ಕಡಿಮೆಯಾಗುತ್ತದೆ, ಅದು ತಪ್ಪು.

ಈ ಸಲ ಸುಣ್ಣದ ಗೆರೆ ಎಳೆಯುವಾಗ ಅಂದಾಜು ಬೇಡ, ಟೇಪು ಹಿಡಿದು ಅಳೆಯೋಣ. ಚೀಟಿಯಲ್ಲಿ ಯಾವ ಲೇನ್ ಬಂದರೂ ಯಾರಿಗೂ ಅನ್ಯಾಯ ಆಗಬಾರದು.

– 7ನೇ ತರಗತಿ